ಬ್ಲೂಟೂತ್ ಪೇರ್ ಆಗಿದೆ, ಆದರೂ ಕಾರು ಯಾಕೆ ಮಾತಾಡುತ್ತಿಲ್ಲ?

ಪ್ರಶ್ನೆ: ನಾನು ನಾಗರಬಾವಿಯಲ್ಲಿರುವುದು. 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಇದೆ. ಕಳೆದ ವರ್ಷ ಎಸ್‌ಪಿ ರಸ್ತೆಯಲ್ಲಿ ಒಂದು ನೀಲಿ ಬ್ಲೂಟೂತ್ ಒಬಿಡಿ ಡಾಂಗಲ್ ತಗೊಂಡೆ, ಕಾರಿನ ಪೋರ್ಟ್‌ಗೆ ಚುಚ್ಚಿ ಎಂಜಿನ್ ಮಾಹಿತಿಯನ್ನು ಫೋನಿನಲ್ಲಿ ನೋಡುವ ಪುಟ್ಟ ಸಾಧನ. ಮೇಲೆ ‘ಇಎಲ್‌ಎಂ327, ವರ್ಷನ್ 2.1’ ಎಂದಿದೆ. ಶುರುವಿನಲ್ಲಿ ಚೆನ್ನಾಗಿತ್ತು. ಆರ್‌ಪಿಎಂ, ಎಂಜಿನ್ ಬಿಸಿ, ಎಲ್ಲ ಫೋನಿನಲ್ಲಿ ಬರುತ್ತಿತ್ತು. ಆಮೇಲೆ ಜೆಸಿ ರಸ್ತೆಯಲ್ಲಿ ಆಂಡ್ರಾಯ್ಡ್ ಸ್ಟೀರಿಯೊ ಹಾಕಿಸಿದೆ. ಈಗ ಒಂದು ತಿಂಗಳಿಂದ ಚೆಕ್ ಎಂಜಿನ್ ಲೈಟ್ ಬಂದಿದೆ. ಬೇಕಾದ ಹೊತ್ತಿಗೇ ಡಾಂಗಲ್ ಕೈಕೊಟ್ಟಿದೆ. ಅದರ ಕೆಂಪು ಲೈಟ್ ಉರಿಯುತ್ತದೆ, ಫೋನಿನಲ್ಲಿ ‘ಪೇರ್ಡ್’ ಎಂದೂ ಬರುತ್ತದೆ, ಆದರೆ ಆ್ಯಪ್ ತೆರೆದರೆ ಸುಮ್ನೆ ಸುತ್ತುತ್ತಲೇ ಇರುತ್ತದೆ. ಹೆಂಡತಿಯ ಐಫೋನಿಗೆ ಅದು ಕಾಣಿಸುವುದೇ ಇಲ್ಲ. ಅದಕ್ಕೇ ಒಂದು ವೈಫೈ ಡಾಂಗಲ್ ತರಿಸಿದೆ. ಅದು ಕನೆಕ್ಟ್ ಆಗುತ್ತದೆ, ಐದು ನಿಮಿಷಕ್ಕೆ ಕಟ್ ಆಗುತ್ತದೆ. ದೊಡ್ಡ ಸಿಗ್ನಲ್‌ಗಳಲ್ಲಂತೂ ಗ್ಯಾರಂಟಿ ಕಟ್. ಪಕ್ಕದ ಮನೆಯವರು ಫಾಸ್ಟ್ಯಾಗ್, ಪೊಲೀಸ್ ಕ್ಯಾಮೆರಾ ಅಡ್ಡ ಬರುತ್ತವೆ ಎನ್ನುತ್ತಾರೆ. ಗ್ಯಾರೇಜಿನವರು ನನ್ನ ಡಾಂಗಲ್ಲನ್ನೇ ಹಾಕಿ ನೋಡಿ, ‘ಕನೆಕ್ಟ್ ಆಗ್ತಿಲ್ಲ ಅಂದ್ರೆ ಇಸಿಯು ಹೋಗಿದೆ ಸಾರ್’ ಅಂದರು. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಬದಲಿಸಬೇಕಾ? ಮೂರನೇ ಡಾಂಗಲ್ ತಗೊಳ್ಳಲಾ? ಇದನ್ನು ಕಾರಿನಲ್ಲೇ ಬಿಟ್ಟರೆ ತೊಂದರೆ ಇದೆಯಾ?

ಉತ್ತರ: ಮೊದಲು ಇಸಿಯು ವಿಷಯ ಮುಗಿಸೋಣ, ದುಡ್ಡು ಜಾಸ್ತಿ ಹೋಗುವುದು ಅಲ್ಲೇ. ನೀವು ಬರೆದಿರುವುದನ್ನು ನೋಡಿದರೆ ಅದು ಹೋಗಿರುವ ಸಾಧ್ಯತೆ ತೀರಾ ಕಡಿಮೆ. ಚೆಕ್ ಎಂಜಿನ್ ಲೈಟ್ ಹಚ್ಚುವುದೇ ಇಸಿಯು. ಪೆಟ್ರೋಲ್ ಎಷ್ಟು ಬಿಡಬೇಕು, ಸ್ಪಾರ್ಕ್ ಯಾವಾಗ ಕೊಡಬೇಕು ಎಂದು ಹೇಳುವುದೂ ಅದೇ. ಅದು ಪೂರ್ತಿ ಸತ್ತಿದ್ದರೆ ಕಾರು ಸ್ಟಾರ್ಟೇ ಆಗುತ್ತಿರಲಿಲ್ಲ. ಉಳಿದದ್ದೆಲ್ಲ ಸರಿ ಇದ್ದು, ಸ್ಕ್ಯಾನರ್ ಜೊತೆ ಮಾತಾಡುವ ಭಾಗ ಮಾತ್ರ ಕೆಡುವುದು ಉಂಟು. ಅಪರೂಪ, ಆದರೆ ಉಂಟು. ಹಾಗಾಗಿದೆಯೋ ಇಲ್ಲವೋ ಎಂದು ಹೇಳಲು ನಿಮ್ಮ ಡಾಂಗಲ್‌ನ ಸಾಕ್ಷಿ ಸಾಲದು. ಗ್ಯಾರೇಜಿನವರು ತಮ್ಮ ಸ್ವಂತ ಸ್ಕ್ಯಾನರ್ ಹಾಕಿ ನೋಡಿಲ್ಲ ಅಲ್ವಾ? ಹಾಗಿದ್ದರೆ ಅವರು ನಿಮಗೆ ಹೇಳಿದ್ದು ಒಂದು ಊಹೆ.

ಇನ್ನು ನಿಮ್ಮ ನಿಜವಾದ ತೊಂದರೆ. ನೀವು ಅದನ್ನು ಒಂದೇ ತೊಂದರೆ ಎಂದುಕೊಂಡಿದ್ದೀರಿ. ನನಗೆ ಕಾಣುವುದು ಕನಿಷ್ಠ ಮೂರು. ಬ್ಲೂಟೂತ್ ಡಾಂಗಲ್‌ನದು ಒಂದು, ಐಫೋನಿನದು ಇನ್ನೊಂದು, ವೈಫೈ ಡಾಂಗಲ್‌ನದು ಮತ್ತೊಂದು. ಮೂರಕ್ಕೂ ಕಾರಣ ಬೇರೆ. ಮೂರಕ್ಕೂ ಸೇರಿಸಿ ಒಂದೇ ಔಷಧಿ ಹುಡುಕಿದ್ದರಿಂದ ಎರಡನೇ ಡಾಂಗಲ್ ಬಂತು.

ಎಲ್ಲಿ ಕಟ್ ಆಗಿದೆ ಎಂದು ಮೊದಲು ನೋಡಿ

ನಿಮ್ಮ ಫೋನಿಗೂ ಕಾರಿಗೂ ನಡುವೆ ಎರಡು ಕೊಂಡಿ ಇವೆ. ಫೋನಿನಿಂದ ಡಾಂಗಲ್‌ವರೆಗೆ ಒಂದು, ಅದು ಗಾಳಿಯಲ್ಲಿ. ಡಾಂಗಲ್‌ನಿಂದ ಇಸಿಯುವರೆಗೆ ಇನ್ನೊಂದು, ಅದು ತಂತಿಯಲ್ಲಿ. ಫೋನ್ ಸೆಟ್ಟಿಂಗ್ಸ್‌ನಲ್ಲಿ ಏನೇ ಬಂದರೂ ಅದು ಮೊದಲನೆಯದರ ಸುದ್ದಿ ಮಾತ್ರ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಒಂದು ಕಡೆ ಕೆಟ್ಟಿದ್ದರೆ ಇನ್ನೊಂದು ಕಡೆ ರಿಪೇರಿ ಮಾಡುತ್ತಿರುತ್ತಾರೆ. ಫ್ಯೂಸ್ ಹೋಗಿರುತ್ತದೆ, ಫೋನ್ ರೀಸೆಟ್ ಮಾಡಿ ಬಂದಿರುತ್ತಾರೆ. ಆ್ಯಪ್‌ಗೆ ಪರ್ಮಿಷನ್ ಕೊಟ್ಟಿರುವುದಿಲ್ಲ, ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಿ ಬಂದಿರುತ್ತಾರೆ.

ಕೆಂಪು ಲೈಟನ್ನು ನಂಬಬೇಡಿ. ಸ್ಟೇರಿಂಗ್ ಕೆಳಗಿರುವ ಆ 16 ಪಿನ್ ಪೋರ್ಟ್‌ನಲ್ಲಿ 16ನೇ ಪಿನ್‌ಗೆ ಬ್ಯಾಟರಿಯಿಂದ ನೇರ ಕರೆಂಟ್ ಬರುತ್ತದೆ. 4 ಮತ್ತು 5 ಅರ್ಥ್. ಇಷ್ಟು ಸಿಕ್ಕರೆ ಡಾಂಗಲ್ ಲೈಟ್ ಉರಿಯುತ್ತದೆ. ಬಹುತೇಕ ಕಾರುಗಳಲ್ಲಿ ಕೀ ತೆಗೆದರೂ ಉರಿಯುತ್ತಲೇ ಇರುತ್ತದೆ. ಕಾರಿನ ಜೊತೆ ಮಾತುಕತೆ ನಡೆಯುವುದು ಬೇರೆ ಪಿನ್‌ಗಳಲ್ಲಿ. ಈಗಿನ ಕಾರುಗಳಲ್ಲಿ 6 ಮತ್ತು 14, ಅದು ಕ್ಯಾನ್ ಲೈನ್. ಹಳೆಯ ಎಷ್ಟೋ ಕಾರುಗಳಲ್ಲಿ 7, ಅದು ಕೆ-ಲೈನ್. ಆ ತಂತಿಗಳ ಬಗ್ಗೆ ಕೆಂಪು ಲೈಟಿಗೆ ಏನೂ ಗೊತ್ತಿಲ್ಲ.

ಯಾವ ಕೊಂಡಿ ಕಟ್ ಆಗಿದೆ ಎಂದು ತಿಳಿಯಲು ಒಂದು ಸುಲಭದ ದಾರಿ ಇದೆ. ಈ ಡಾಂಗಲ್‌ಗಳು ಬ್ಯಾಟರಿ ವೋಲ್ಟೇಜ್ ತಾವೇ ಅಳೆಯುತ್ತವೆ, ಇಸಿಯುವನ್ನು ಕೇಳುವುದಿಲ್ಲ. ಆ್ಯಪ್‌ನಲ್ಲಿ ಅಡಾಪ್ಟರ್ ವೋಲ್ಟೇಜ್ ಎಂಬುದನ್ನು ಹುಡುಕಿ. ಅಲ್ಲಿ 12.4 ಎಂದೋ, ಎಂಜಿನ್ ಓಡುತ್ತಿದ್ದರೆ 14ರ ಆಸುಪಾಸಿನ ಅಂಕಿಯೋ ಬಂದರೆ ಫೋನಿಗೂ ಡಾಂಗಲ್‌ಗೂ ಸಂಬಂಧ ಚೆನ್ನಾಗಿದೆ, ತೊಂದರೆ ಕಾರಿನ ಕಡೆ. ಆ ಅಂಕಿಯೂ ಬರದಿದ್ದರೆ ಕಾರನ್ನು ಮುಟ್ಟಲೇಬೇಡಿ, ತೊಂದರೆ ಫೋನಿನ ಕಡೆ. ಕೆಲವು ಆ್ಯಪ್‌ಗಳು ಅಡಾಪ್ಟರ್ ಮತ್ತು ಇಸಿಯು ಎಂದು ಎರಡು ಸಾಲು ಬೇರೆ ಬೇರೆ ತೋರಿಸುತ್ತವೆ. ಅಂಥದ್ದು ಇದ್ದರೆ ಇನ್ನೂ ಒಳ್ಳೆಯದು.

ನಿಮ್ಮ ಆ್ಯಪ್ ಸುತ್ತುತ್ತಲೇ ಇರುತ್ತದೆ, ಇಸಿಯು ಸಿಗಲಿಲ್ಲ ಎಂದು ಹೇಳುವ ಹಂತಕ್ಕೂ ಬರುವುದಿಲ್ಲ. ಅಂದರೆ ಅದಿನ್ನೂ ಡಾಂಗಲ್‌ನ ಬಾಗಿಲಲ್ಲೇ ನಿಂತಿದೆ.

ನನ್ನ ಅನುಮಾನ ನಿಮ್ಮ ಹೊಸ ಸ್ಟೀರಿಯೊ ಮೇಲೆ

ಪೇರ್ ಆಗುವುದು ಬೇರೆ, ಕನೆಕ್ಟ್ ಆಗುವುದು ಬೇರೆ. ಫೋನಿನಲ್ಲಿ ಯಾರದ್ದೋ ನಂಬರ್ ಸೇವ್ ಆಗಿದೆ ಎಂದ ಮಾತ್ರಕ್ಕೆ ಅವರ ಜೊತೆ ಮಾತಾಡುತ್ತಿದ್ದೀವಿ ಎಂದಲ್ಲವಲ್ಲ. 1234 ಅಥವಾ 0000 ಎಂದು ಪಿನ್ ಹೊಡೆದು ಒಮ್ಮೆ ಪೇರ್ ಮಾಡಿದರೆ ಆ ಹೆಸರು ಪಟ್ಟಿಯಲ್ಲಿ ಉಳಿಯುತ್ತದೆ, ಡಾಂಗಲ್ ಮನೆಯ ಡ್ರಾಯರ್‌ನಲ್ಲಿದ್ದರೂ ಉಳಿಯುತ್ತದೆ.

ಈ ಬಗೆಯ ಡಾಂಗಲ್ ಒಂದು ಸಲಕ್ಕೆ ಒಬ್ಬರ ಜೊತೆ ಮಾತ್ರ ಮಾತಾಡುತ್ತದೆ. ಮೊದಲು ಯಾರು ಹಿಡಿದರೋ ಅವರದೇ ಲೈನ್. ಎರಡನೆಯವರು ಬಂದರೆ ಬಿಝಿ ಎಂದೂ ಹೇಳುವುದಿಲ್ಲ, ಸುಮ್ನೆ ಕಾಯಿಸುತ್ತದೆ. ಈಗ ಬರುವ ಆಂಡ್ರಾಯ್ಡ್ ಸ್ಟೀರಿಯೊಗಳಲ್ಲಿ ಎಷ್ಟೋ ಸೆಟ್‌ಗಳು ಒಬಿಡಿ ಆ್ಯಪ್ ಸಮೇತವೇ ಬರುತ್ತವೆ. ಹಾಕಿಕೊಡುವ ಹುಡುಗರು ಡೆಮೊ ತೋರಿಸಲು ಅಲ್ಲೇ ಇದ್ದ ಡಾಂಗಲ್ಲನ್ನು ಪೇರ್ ಮಾಡಿಬಿಡುತ್ತಾರೆ. ಆಮೇಲೆ ನೀವು ಕೀ ತಿರುಗಿಸಿದ ತಕ್ಷಣ ಸ್ಟೀರಿಯೊ ಎದ್ದು ಡಾಂಗಲ್ಲನ್ನು ಹಿಡಿಯುತ್ತದೆ. ನೀವು ಫೋನ್ ತೆಗೆದು ಆ್ಯಪ್ ಒತ್ತುವಷ್ಟರಲ್ಲಿ ಜಾಗ ಖಾಲಿ ಇರುವುದಿಲ್ಲ. ಶುರುವಿನಲ್ಲಿ ಚೆನ್ನಾಗಿತ್ತು, ಸ್ಟೀರಿಯೊ ಬಂದ ಮೇಲೆ ಕೆಟ್ಟಿತು ಎಂದು ನೀವೇ ಬರೆದಿದ್ದೀರಲ್ಲ.

ಸ್ಟೀರಿಯೊದ ಬ್ಲೂಟೂತ್ ಪಟ್ಟಿ ತೆರೆಯಿರಿ. ಅಲ್ಲಿ ‘ಒಬಿಡಿ2’ ಎಂಬಂಥ ಹೆಸರಿದ್ದರೆ ಅಳಿಸಿ. ಸ್ಟೀರಿಯೊದಲ್ಲಿ ಒಬಿಡಿ ಆ್ಯಪ್ ಇದ್ದರೆ ಅದನ್ನೂ ತೆಗೆಯಿರಿ, ಇಲ್ಲವೇ ತಾನಾಗಿ ಶುರುವಾಗದಂತೆ ಮಾಡಿ. ಡಾಂಗಲ್ ಕಿತ್ತು, ಒಂದು ನಿಮಿಷ ಬಿಟ್ಟು ಮತ್ತೆ ಹಾಕಿ. ಫೋನಿನಲ್ಲೂ ಹಳೆಯ ಪೇರಿಂಗ್ ಅಳಿಸಿ ಹೊಸದಾಗಿ ಮಾಡಿ. ಕೀ ಆನ್ ಸ್ಥಾನದಲ್ಲಿರಲಿ, ಅಂದರೆ ಮೀಟರ್ ಬೋರ್ಡ್‌ನ ಲೈಟ್‌ಗಳೆಲ್ಲ ಬಂದಿರಬೇಕು. ಹಾಡು ಕೇಳುವ ಸ್ಥಾನಕ್ಕೆ ತಿರುಗಿಸಿದರೆ ಸಾಲದು, ಅಲ್ಲಿ ಇಸಿಯು ಇನ್ನೂ ಮಲಗಿರುತ್ತದೆ.

ಮನೆಯಲ್ಲಿ ಇನ್ನೊಂದು ಆಂಡ್ರಾಯ್ಡ್ ಫೋನ್ ಅದೇ ಡಾಂಗಲ್‌ಗೆ ಪೇರ್ ಆಗಿದ್ದರೆ ಅದರ ಬ್ಲೂಟೂತ್ ಕೂಡ ಆಫ್ ಮಾಡಿ. ನಿಮ್ಮ ಫೋನಿನಲ್ಲೇ ಎರಡು ಒಬಿಡಿ ಆ್ಯಪ್ ಹಾಕಿಕೊಂಡಿದ್ದರೂ ಇದೇ ಕಥೆ. ಹಿಂದೆ ತೆರೆದಿದ್ದ ಆ್ಯಪ್ ಹಿನ್ನೆಲೆಯಲ್ಲಿ ಲೈನ್ ಹಿಡಿದು ಕೂತಿರುತ್ತದೆ. ಅದನ್ನು ಪೂರ್ತಿ ನಿಲ್ಲಿಸಬೇಕು, ಪರದೆಯಿಂದ ಸರಿಸಿದರೆ ಸಾಲದು.

ಇನ್ನು ಪರ್ಮಿಷನ್. ಆಂಡ್ರಾಯ್ಡ್ 12ರಿಂದ ಈಚೆಗೆ ಬ್ಲೂಟೂತ್ ಬಳಸುವ ಆ್ಯಪ್‌ಗೆ ‘ನಿಯರ್‌ಬೈ ಡಿವೈಸಸ್’ ಅನುಮತಿ ಬೇಕು. ಅದಕ್ಕಿಂತ ಹಳೆಯ ಫೋನ್‌ಗಳಲ್ಲಿ ಹೊಸ ಬ್ಲೂಟೂತ್ ಸಾಧನ ಹುಡುಕಲು ಲೊಕೇಶನ್ ಬೇಕಾಗುತ್ತದೆ. ಕಾರ್ ಆ್ಯಪ್‌ಗೆ ಲೊಕೇಶನ್ ಯಾಕೆ ಎಂದು ಅನುಮಾನಪಟ್ಟು ‘ಬೇಡ’ ಒತ್ತಿದವರು ತುಂಬ ಜನ. ಅನುಮಾನ ತಪ್ಪಲ್ಲ, ಆದರೆ ಆಮೇಲೆ ಆ್ಯಪ್‌ಗೆ ಡಾಂಗಲ್ ಕಾಣಿಸುವುದಿಲ್ಲ.

ಐಫೋನಿನ ವಿಷಯ ಬೇಗ ಮುಗಿಯುತ್ತದೆ. ನಿಮ್ಮ ನೀಲಿ ಡಾಂಗಲ್ ಬಳಸುವುದು ಹಳೆಯ ಕ್ಲಾಸಿಕ್ ಬ್ಲೂಟೂತ್. ಅದರಲ್ಲಿ ಸೀರಿಯಲ್ ಪೋರ್ಟ್ ಎಂಬ ಬಗೆಯ ಸಂಪರ್ಕವನ್ನು ಆ್ಯಪಲ್ ಸಾಮಾನ್ಯ ಆ್ಯಪ್‌ಗಳಿಗೆ ಬಿಟ್ಟುಕೊಡುವುದಿಲ್ಲ. ಎಷ್ಟು ಸಲ ಹುಡುಕಿದರೂ ಅಷ್ಟೇ. ಐಫೋನಿಗೆ ವೈಫೈ ಡಾಂಗಲ್ ಬೇಕು, ಇಲ್ಲವೇ ಬ್ಲೂಟೂತ್ ಲೋ ಎನರ್ಜಿ ಎಂಬ ಹೊಸ ಬಗೆಯದು ಬೇಕು. ಆ ಹೊಸ ಬಗೆಯದನ್ನು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಪೇರ್ ಮಾಡಲು ಹೋಗಬಾರದು, ಆ್ಯಪ್ ಒಳಗಿನಿಂದಲೇ ಹುಡುಕಬೇಕು. ನಿಮ್ಮ ಹೆಂಡತಿಯವರ ಫೋನಿನಲ್ಲಿ ಯಾವ ದೋಷವೂ ಇಲ್ಲ.

ವೈಫೈ ಡಾಂಗಲ್ ಮತ್ತು ದೊಡ್ಡ ಸಿಗ್ನಲ್

ವೈಫೈ ಡಾಂಗಲ್ ಅಂದರೆ ಇಂಟರ್ನೆಟ್ ಇಲ್ಲದ ಒಂದು ಪುಟ್ಟ ವೈಫೈ. ಇಂದಿನ ಫೋನ್‌ಗಳಿಗೆ ಇಂಟರ್ನೆಟ್ ಇಲ್ಲದ ವೈಫೈ ಕಂಡರೆ ಆಗುವುದಿಲ್ಲ. ಸ್ವಲ್ಪ ಹೊತ್ತು ನೋಡಿ, ಬಿಟ್ಟು, ಮೊಬೈಲ್ ಡೇಟಾಗೆ ಹೋಗಿಬಿಡುತ್ತವೆ. ನಿಮ್ಮ ಐದು ನಿಮಿಷದ ಕಟ್‌ಗೆ ಇದು ಮೊದಲ ಕಾರಣ. ‘ಈ ನೆಟ್‌ವರ್ಕ್‌ನಲ್ಲಿ ಇಂಟರ್ನೆಟ್ ಇಲ್ಲ, ಹಾಗೇ ಇರಲಾ?’ ಎಂದು ಫೋನ್ ಕೇಳಿದಾಗ ಹೌದು ಒತ್ತಿ. ಸ್ಕ್ಯಾನ್ ಮುಗಿಯುವವರೆಗೆ ಮೊಬೈಲ್ ಡೇಟಾ ಆಫ್ ಇಡಿ. ವಿಪಿಎನ್ ಇದ್ದರೆ ಅದನ್ನೂ ಆಫ್ ಮಾಡಿ. ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ವಿಳಾಸ ಕೇಳಿದರೆ ಹೆಚ್ಚಿನ ಡಾಂಗಲ್‌ಗಳಿಗೆ 192.168.0.10, ಪೋರ್ಟ್ 35000. ಐಫೋನ್ ಆದರೆ ಆ್ಯಪ್‌ಗೆ ‘ಲೋಕಲ್ ನೆಟ್‌ವರ್ಕ್’ ಅನುಮತಿ ಕೊಟ್ಟಿದ್ದೀರಾ ನೋಡಿ. ಐಒಎಸ್ 14ರಿಂದ ಅದಿಲ್ಲದೆ ಆ್ಯಪ್ ಡಾಂಗಲ್‌ನ ಹತ್ತಿರ ಸುಳಿಯಲಾರದು, ವೈಫೈ ಗುರುತು ಮಾತ್ರ ಮೇಲೆ ಚೆನ್ನಾಗಿ ಕಾಣುತ್ತಿರುತ್ತದೆ.

ಇಲ್ಲೂ ಸ್ಟೀರಿಯೊ ಅಡ್ಡ ಬರಬಹುದು. ಫೋನಿನ ಮ್ಯಾಪ್, ಹಾಡನ್ನು ಸ್ಟೀರಿಯೊ ಪರದೆಗೆ ತರುವ ಆಂಡ್ರಾಯ್ಡ್ ಆಟೊ ಅಥವಾ ಕಾರ್‌ಪ್ಲೇಯನ್ನು ನೀವು ವೈರ್ ಇಲ್ಲದೆ ಬಳಸುತ್ತಿದ್ದೀರಾ? ಅದರಲ್ಲಿ ಬ್ಲೂಟೂತ್ ಪರಿಚಯ ಮಾಡಿಸಿ ಪಕ್ಕಕ್ಕೆ ಸರಿಯುತ್ತದೆ. ಮ್ಯಾಪ್, ಹಾಡು ಎಲ್ಲ ಹೋಗುವುದು ವೈಫೈ ಮೇಲೆ. ನಿಮ್ಮ ಫೋನಿನ ವೈಫೈಯನ್ನು ಆಗಲೇ ಸ್ಟೀರಿಯೊ ತಗೊಂಡಿರುತ್ತದೆ. ವೈಫೈ ಡಾಂಗಲ್ ಬಂದರೆ ಎರಡಕ್ಕೂ ಕಿತ್ತಾಟ. ಮ್ಯಾಪ್ ಬೇಕಾ, ಸ್ಕ್ಯಾನ್ ಬೇಕಾ, ಒಂದನ್ನು ಆರಿಸಿಕೊಳ್ಳಬೇಕು. ಇಲ್ಲವೇ ಆಂಡ್ರಾಯ್ಡ್ ಆಟೊವನ್ನು ಕೇಬಲ್‌ನಲ್ಲಿ ಹಾಕಿ.

ಈಗ ಸಿಗ್ನಲ್ ವಿಷಯ. ಇದು ನನಗೆ ಇಷ್ಟವಾದ ಸುಳಿವು. ನೀವು ಬರೆದಿಲ್ಲ, ಆದರೂ ಕೇಳುತ್ತೇನೆ: ದೊಡ್ಡ ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಆಫ್ ಮಾಡುತ್ತೀರಾ? ಕೌಂಟರ್‌ನಲ್ಲಿ 150 ಸೆಕೆಂಡ್ ಕಂಡರೆ ನಾವೆಲ್ಲ ಮಾಡುವುದು ಅದೇ. ಹಸಿರು ಬರುವ ಮುಂಚೆ ಸೆಲ್ಫ್ ಹೊಡೆಯುತ್ತೀರಿ. ಆ ಕ್ಷಣ ಸ್ಟಾರ್ಟರ್ ಮೋಟರ್ ಬ್ಯಾಟರಿಯಿಂದ ಭಾರಿ ಕರೆಂಟ್ ಎಳೆಯುತ್ತದೆ, ವೋಲ್ಟೇಜ್ 10ರ ಹತ್ತಿರಕ್ಕೆ ಬೀಳುತ್ತದೆ. ಬ್ಯಾಟರಿ ಹಳೆಯದಾದರೆ ಇನ್ನೂ ಕೆಳಗೆ. ಕಾರಿನ ಇಸಿಯುವನ್ನು ಇದನ್ನು ತಡೆದುಕೊಳ್ಳುವಂತೆ ಮಾಡಿರುತ್ತಾರೆ. ಕಡಿಮೆ ಬೆಲೆಯ ಡಾಂಗಲ್ ತಡೆದುಕೊಳ್ಳುವುದಿಲ್ಲ, ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಅಷ್ಟರಲ್ಲಿ ಫೋನ್ ಅದನ್ನು ಬಿಟ್ಟು ಹೋಗಿರುತ್ತದೆ. ಒಂದು ದಿನ ಎಂಜಿನ್ ಆಫ್ ಮಾಡದೆ ನಿಂತು ನೋಡಿ. ಅಥವಾ ಮನೆ ಮುಂದೆಯೇ ಕೀ ಆನ್ ಮಾಡಿ, ಡಾಂಗಲ್ ಕನೆಕ್ಟ್ ಮಾಡಿ, ಆಮೇಲೆ ಸೆಲ್ಫ್ ಹೊಡೆದು ನೋಡಿ. ಅಲ್ಲೇ ಕಟ್ ಆದರೆ ಪೊಲೀಸ್ ಕ್ಯಾಮೆರಾ ನಿರಪರಾಧಿ. ಹಾಗೇ ಬ್ಯಾಟರಿಯನ್ನೂ ಒಮ್ಮೆ ಟೆಸ್ಟ್ ಮಾಡಿಸಿ. ರಾತ್ರಿ ನಿಲ್ಲಿಸಿದ ಕಾರಿನಲ್ಲಿ ಬೆಳಿಗ್ಗೆ 12.6 ಇದ್ದರೆ ಬ್ಯಾಟರಿ ತುಂಬಿದೆ ಎಂದು ಅರ್ಥ. 12.2ಕ್ಕಿಂತ ಕೆಳಗಿದ್ದರೆ ಅದು ಸೋತಿದೆ, ಇಲ್ಲವೇ ಚಾರ್ಜ್ ಆಗುತ್ತಿಲ್ಲ.

ಫಾಸ್ಟ್ಯಾಗ್ ಬಗ್ಗೆ ಪಕ್ಕದ ಮನೆಯವರಿಗೆ ಹೇಳಿ: ಅದರಲ್ಲಿ ಬ್ಯಾಟರಿಯೇ ಇಲ್ಲ. ಟೋಲ್‌ನ ರೀಡರ್ ತರಂಗ ಕಳಿಸಿದಾಗ ಮಾತ್ರ ಉತ್ತರ ಕೊಡುತ್ತದೆ, ಅದೂ 865ರಿಂದ 867 ಮೆಗಾಹರ್ಟ್ಸ್‌ನಲ್ಲಿ. ಬ್ಲೂಟೂತ್ ಮತ್ತು ಈ ಡಾಂಗಲ್‌ಗಳ ವೈಫೈ ಇರುವುದು 2.4 ಗಿಗಾಹರ್ಟ್ಸ್‌ನಲ್ಲಿ. ಎರಡಕ್ಕೂ ಮುಖಪರಿಚಯವೂ ಇಲ್ಲ. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಹತ್ತಾರು ಮನೆಗಳ ವೈಫೈ ಸೇರಿ 2.4 ಗಿಗಾಹರ್ಟ್ಸ್ ಗಿಜಿಗುಡುವುದು ನಿಜ. ಅಲ್ಲಿ ಸ್ವಲ್ಪ ನಿಧಾನವಾಗಬಹುದು. ಆದರೆ ಡಾಂಗಲ್ ನಿಮ್ಮ ಮೊಣಕಾಲಿನ ಹತ್ತಿರ, ಫೋನ್ ನಿಮ್ಮ ಕೈಯಲ್ಲಿ. ಅಷ್ಟು ಹತ್ತಿರದಲ್ಲಿ ಪೂರ್ತಿ ಕಟ್ ಆಗಲು ಅದು ಸಾಕಾಗುವುದಿಲ್ಲ. ಬೇಸ್‌ಮೆಂಟ್‌ನಲ್ಲಿ ಆ್ಯಪ್ ತೆರೆಯದಿದ್ದರೆ ಮೊಬೈಲ್ ಸಿಗ್ನಲ್ ಇದೆಯಾ ನೋಡಿ. ಕೆಲವು ಆ್ಯಪ್‌ಗಳು ಮೊದಲು ಲಾಗಿನ್ ಕೇಳುತ್ತವೆ, ಅದಕ್ಕೆ ಇಂಟರ್ನೆಟ್ ಬೇಕು. ಇದೇ ಲೆಕ್ಕದಲ್ಲಿ, ಬ್ಲೂಟೂತ್ 5 ಎಂದು ಜಾಸ್ತಿ ದುಡ್ಡು ಕೇಳಿದರೆ ಕೊಡಬೇಡಿ. ಎರಡಡಿ ದೂರಕ್ಕೆ ರೇಂಜ್ ಯಾಕೆ?

ತೊಂದರೆ ಕಾರಿನ ಕಡೆ ಇದ್ದರೆ

ಸ್ಟೀರಿಯೊವನ್ನು ಬಿಡಿಸಿದ ಮೇಲೂ, ವೋಲ್ಟೇಜ್ ಅಂಕಿ ಬಂದ ಮೇಲೂ, ಇಸಿಯು ಸಿಗುತ್ತಿಲ್ಲ ಎಂದೇ ಆ್ಯಪ್ ಹೇಳಿದರೆ ಆಗ ಎರಡನೇ ಕೊಂಡಿ ನೋಡಬೇಕು.

ಮೊದಲು ಪೋರ್ಟ್‌ಗೆ ಟಾರ್ಚ್ ಬಿಟ್ಟು ನೋಡಿ. ಒಳಗಿನ ಲೋಹದ ಹಿಡಿಗಳಲ್ಲಿ ಒಂದೋ ಎರಡೋ ಅಗಲವಾಗಿ ಬಾಯಿ ಬಿಟ್ಟಿದ್ದರೆ, ಅಥವಾ ಒಂದು ಒಳಗೆ ಸರಿದು ಹೋಗಿದ್ದರೆ, ಅದೇ ಕಾರಣ. ಕಡಿಮೆ ಬೆಲೆಯ ಡಾಂಗಲ್‌ಗಳ ಪಿನ್ ಒಮ್ಮೊಮ್ಮೆ ದಪ್ಪ ಇರುತ್ತವೆ, ತೆಗೆದು ಹಾಕಿ ಮಾಡಿದರೆ ಪೋರ್ಟ್ ಸಡಿಲವಾಗುತ್ತದೆ. ಸಿಲ್ಕ್ ಬೋರ್ಡ್‌ನಲ್ಲಿ ಅರ್ಧ ಗಂಟೆ ಕ್ಲಚ್, ಬ್ರೇಕ್ ತುಳಿದು ಕೂತವರ ಮೊಣಕಾಲು ಡಾಂಗಲ್‌ಗೆ ತಾಗುತ್ತಲೇ ಇರುತ್ತದೆ. ದಿನಾ ಹೀಗಾದರೆ ಪೋರ್ಟ್ ಹಿಂದಿನ ವೈರ್ ಕೂಡ ಲೂಸ್ ಆಗುತ್ತದೆ. ಡಾಂಗಲ್ಲನ್ನು ಕೈಯಲ್ಲಿ ಮೆಲ್ಲಗೆ ಅಲುಗಿಸಿ. ಕನೆಕ್ಟ್ ಆಗಿ, ಬಿಟ್ಟು, ಮತ್ತೆ ಆಗುತ್ತಿದ್ದರೆ ಗೊತ್ತಾಯಿತಲ್ಲ.

ಡಾಂಗಲ್‌ನಲ್ಲಿ ಲೈಟೇ ಬರದವರಿಗೆ ಒಂದು ಮಾತು, ನಿಮಗಲ್ಲ. ಬಹಳಷ್ಟು ಕಾರುಗಳಲ್ಲಿ ಈ ಪೋರ್ಟ್‌ಗೂ ಮೊಬೈಲ್ ಚಾರ್ಜರ್ ಹಾಕುವ 12 ವೋಲ್ಟ್ ಸಾಕೆಟ್‌ಗೂ ಒಂದೇ ಫ್ಯೂಸ್. ಇಸಿಯು ಬದಲಿಸಬೇಕು ಎಂದು ಬೇರೆ ಕಡೆ ಹೇಳಿಸಿಕೊಂಡು ಬಂದ ಒಂದು ಕಾರಿನಲ್ಲಿ ನಾನು ಆ ಸಾಕೆಟ್ ಒಳಗೆ ನೋಡಿದೆ. ತಳದಲ್ಲಿ ಒಂದು ರೂಪಾಯಿ ನಾಣ್ಯ ಬಿದ್ದಿತ್ತು. ನಡುವಿನ ಪಿನ್‌ಗೂ ಸುತ್ತಲ ಬಾಡಿಗೂ ಸೇತುವೆ ಕಟ್ಟಿ ಕಪ್ಪಾಗಿ ಸುಟ್ಟಿತ್ತು. ಪ್ಲಾಸ್ಟಿಕ್ ಚಿಮುಟದಲ್ಲಿ ನಾಣ್ಯ ತೆಗೆದು, ಹೊಸ ಫ್ಯೂಸ್ ಹಾಕಿದ ಮೇಲೆ ಸ್ಕ್ಯಾನರ್ ಮೊದಲ ಸಲಕ್ಕೇ ಕನೆಕ್ಟ್ ಆಯಿತು. ಫ್ಯೂಸ್ ಬದಲಿಸುವಾಗ ಅದೇ ಆಂಪ್‌ನದೇ ಹಾಕಿ. 10ರ ಜಾಗಕ್ಕೆ 20 ಹಾಕಿದರೆ ಮುಂದಿನ ಸಲ ಸುಡುವುದು ವೈರಿಂಗ್.

ಸ್ಟೀರಿಯೊ ಈ ಕೊಂಡಿಯನ್ನೂ ಕೆಡಿಸಬಲ್ಲದು. ಕೆಲವು ಕಾರುಗಳಲ್ಲಿ, ಮುಖ್ಯವಾಗಿ ಹಳೆಯ ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾಗಳಲ್ಲಿ, ಕಂಪನಿ ಸ್ಟೀರಿಯೊದ ಹಿಂದಿನ ಕನೆಕ್ಟರ್‌ಗೆ ಕೆ-ಲೈನ್ ವೈರ್ ಬಂದಿರುತ್ತದೆ. ಹೊರಗಿನ ಸ್ಟೀರಿಯೊದಲ್ಲಿ ಅದೇ ಪಿನ್‌ಗೆ ಬೇರೆ ಕೆಲಸ ಇದ್ದರೆ ಇಡೀ ಲೈನ್ ಮೂಕವಾಗುತ್ತದೆ. ಆಗ ಎಷ್ಟು ದುಬಾರಿ ಸ್ಕ್ಯಾನರ್ ತಂದರೂ ಇಸಿಯು ಸಿಗುವುದಿಲ್ಲ, ಕಾರು ಮಾತ್ರ ಚೆನ್ನಾಗಿ ಓಡುತ್ತದೆ. ಸ್ಟೀರಿಯೊ ಹಿಂದಿನ ಕನೆಕ್ಟರ್ ಬಿಚ್ಚಿ ಒಮ್ಮೆ ಸ್ಕ್ಯಾನ್ ಮಾಡಿದರೆ ಇದು ತೀರ್ಮಾನವಾಗುತ್ತದೆ. ಹಾಕಿಕೊಟ್ಟ ಅಂಗಡಿಯವರಿಂದಲೇ ಬಿಚ್ಚಿಸಿ.

ಆಮೇಲೆ ಡಾಂಗಲ್‌ನ ಯೋಗ್ಯತೆ. ಇಎಲ್‌ಎಂ327 ಎಂಬುದು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಮಾಡಿದ ಚಿಪ್. ಅದರ ಮೊದಲ ಆವೃತ್ತಿಗೆ ನಕಲು ತಡೆಯುವ ವ್ಯವಸ್ಥೆ ಇರಲಿಲ್ಲ. ಅದನ್ನೇ ಕದ್ದು ಲಕ್ಷಗಟ್ಟಲೆ ಮಾಡಿ ಮಾರಿದರು. ಮೂಲ ಕಂಪನಿ 2022ರಲ್ಲಿ ಬಾಗಿಲು ಹಾಕಿತು. ಕೆಲವು ನೂರು ರೂಪಾಯಿಗೆ ಸಿಗುವುದೆಲ್ಲ ನಕಲೇ. ಮೇಲೆ 1.5 ಎಂದಿದ್ದರೆ ನಕಲು ಎಂದು ಅಲ್ಲೇ ಗೊತ್ತಾಗುತ್ತದೆ, ಆ ನಂಬರಿನ ಆವೃತ್ತಿಯನ್ನು ಮೂಲ ಕಂಪನಿ ಹೊರತಂದೇ ಇಲ್ಲ. 2.1 ಎಂಬುದು ಇತ್ತು, ಆದರೆ ಆ ಲೇಬಲ್ ಅಂಟಿಸಿದ ನಕಲುಗಳಲ್ಲಿ ಎಷ್ಟೋ ಕಮಾಂಡ್‌ಗಳು ಇರುವುದಿಲ್ಲ, ಕೆಲವದರಲ್ಲಿ ಕೆ-ಲೈನ್ ಕೆಲಸವೇ ಮಾಡುವುದಿಲ್ಲ. ಹಾಗೆಂದು ನಕಲು ಎಲ್ಲವೂ ಕಸವಲ್ಲ. ನಿಮ್ಮದು ಇದೇ ಕಾರಿನಲ್ಲಿ ಮೊದಲು ಓಡಿದೆ. ಆದ್ದರಿಂದ ನಿಮ್ಮ ಕಾರಿನ ಭಾಷೆ ಅದಕ್ಕೆ ಬರುತ್ತದೆ.

ಓದುವ ಇತರರಿಗಾಗಿ ಇದನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಭಾರತ್ ಸ್ಟೇಜ್ 4 ಎಂಬ ಹೊಗೆ ನಿಯಮದಡಿ ಬರುವ ಕಾರುಗಳಿಗೆ ಒಬಿಡಿ-2, ಅಂದರೆ ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ಸ್ಕ್ಯಾನರ್ ಭಾಷೆ, ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೆಯ ಕಾರಿನಲ್ಲೂ ಅದೇ ಆಕಾರದ ಪೋರ್ಟ್ ಇರಬಹುದು, ಒಳಗೆ ಕಂಪನಿಯದೇ ಸ್ವಂತ ಭಾಷೆ ಇರಬಹುದು. ಅಂಥ ಕಾರಿಗೆ ಸಾಮಾನ್ಯ ಆ್ಯಪ್ ಕನೆಕ್ಟ್ ಆಗದಿದ್ದರೆ ಯಾರದೂ ತಪ್ಪಲ್ಲ. ಎಲೆಕ್ಟ್ರಿಕ್ ಕಾರುಗಳೂ ಹಾಗೇ, ಪೋರ್ಟ್ ಇರುತ್ತದೆ, ಮಾಮೂಲಿ ಪ್ರಶ್ನೆಗೆ ಉತ್ತರ ಬರುವುದಿಲ್ಲ.

ಇಸಿಯು ಬಗ್ಗೆ ಕೊನೆಯ ಪರೀಕ್ಷೆ ಗ್ಯಾರೇಜಿನದು. ಬ್ರಾಂಡೆಡ್ ಸ್ಕ್ಯಾನರ್ ಇರುವ ಕಡೆ ಹೋಗಿ, ಕೇಬಲ್‌ನಲ್ಲಿ ಹಾಕಿ ನೋಡಲು ಹೇಳಿ. ಅದಕ್ಕೂ ಸಿಗದಿದ್ದರೆ, ಕಾರು ಕ್ಯಾನ್ ಲೈನಿನದಾದರೆ, ಬ್ಯಾಟರಿ ಬಿಚ್ಚಿ 6 ಮತ್ತು 14ನೇ ಪಿನ್ ನಡುವೆ ಮಲ್ಟಿಮೀಟರ್ ಹಿಡಿಯಬೇಕು. 60 ಓಮ್ ಹತ್ತಿರ ಬಂದರೆ ಲೈನ್ ಸರಿ ಇದೆ. 120 ಬಂದರೆ ಒಂದು ತುದಿ ಕಟ್ ಆಗಿದೆ. ಸೊನ್ನೆಯ ಹತ್ತಿರ ಬಂದರೆ ಎಲ್ಲೋ ಶಾರ್ಟ್. ಇಷ್ಟು ಮಾಡದೆ ಇಸಿಯು ಹೋಗಿದೆ ಎಂದರೆ ಒಪ್ಪಬೇಡಿ. ಒಪ್ಪುವುದೇ ಆದರೂ ಸೆಕೆಂಡ್ ಹ್ಯಾಂಡ್ ಇಸಿಯು ಹಾಕಿಸುವ ಮುಂಚೆ ನೆನಪಿಡಿ: ಕೀಯಲ್ಲಿ ಚಿಪ್ ಇರುವ ಕಾರುಗಳಲ್ಲಿ ಇಮ್ಮೊಬಿಲೈಸರ್ (ಬೇರೆ ಕೀಗೆ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ಹೊಂದಿಸದೆ ಕಾರು ಸ್ಟಾರ್ಟ್ ಆಗುವುದಿಲ್ಲ.

ಮೂರನೇ ಡಾಂಗಲ್ ಬೇಕಾ?

ಸದ್ಯಕ್ಕೆ ಬೇಡ. ಮೊದಲು ಸ್ಟೀರಿಯೊದಿಂದ ಬ್ಲೂಟೂತ್ ಬಿಡಿಸಿ ನೋಡಿ. ಅದರಿಂದ ಸರಿಹೋಗದಿದ್ದರೆ, ಆಗಲೂ ನಿಮಗೆ ಬೇಕಾದದ್ದು ಚೆಕ್ ಎಂಜಿನ್ ಕೋಡ್ ಮಾತ್ರ ಆದರೆ, ವೈರ್ ಇರುವ, ಸ್ವಂತ ಪರದೆ ಇರುವ ಪುಟ್ಟ ಕೋಡ್ ರೀಡರ್ ತಗೊಳ್ಳಿ. ಪೇರಿಂಗ್ ಇಲ್ಲ, ಪರ್ಮಿಷನ್ ಇಲ್ಲ, ಎರಡು ಕೊಂಡಿಯಲ್ಲಿ ಒಂದು ಇಲ್ಲವೇ ಇಲ್ಲ. ನಾನಾದರೆ ಇದನ್ನೇ ತಗೊಳ್ಳುತ್ತೇನೆ. ದಿನಾ ಫೋನಿನಲ್ಲಿ ಲೈವ್ ಅಂಕಿ ನೋಡುವ ಹುಚ್ಚು ಇದ್ದರೆ, ಮನೆಯಲ್ಲಿ ಐಫೋನ್, ಆಂಡ್ರಾಯ್ಡ್ ಎರಡೂ ಇರುವುದರಿಂದ, ಎರಡಕ್ಕೂ ಆಗುವ ಬ್ಲೂಟೂತ್ ಲೋ ಎನರ್ಜಿಯ ಒಳ್ಳೆಯ ಡಾಂಗಲ್ ಸರಿ. ಅದಕ್ಕೆ ನೂರುಗಳ ಬದಲು ಸಾವಿರಗಳಲ್ಲಿ ಖರ್ಚು. ಪೆಟ್ರೋಲ್ ಉಳಿಸುತ್ತದೆ ಎಂದು ಇದೇ ಪೋರ್ಟ್‌ಗೆ ಹಾಕುವ ಡಬ್ಬಿಗಳನ್ನು ಮಾತ್ರ ಯಾರೂ ಕೊಳ್ಳಬೇಡಿ. ಬಿಚ್ಚಿ ನೋಡಿದವುಗಳಲ್ಲಿ ಮಿಣುಕುವ ಲೈಟ್‌ಗೆ ಬೇಕಾದಷ್ಟು ಸರ್ಕ್ಯೂಟ್ ಬಿಟ್ಟರೆ ಏನೂ ಇರಲಿಲ್ಲ.

ಒಂದು ಗೆರೆ ದಾಟಬೇಡಿ. ವೈರ್‌ಲೆಸ್ ಡಾಂಗಲ್‌ನಿಂದ ಓದುವುದು ಓಕೆ, ಬರೆಯುವುದು ಬೇಡ. ಇಸಿಯು ಸಾಫ್ಟ್‌ವೇರ್ ಬದಲಿಸುವಾಗ ನಡುವೆ ಸಂಪರ್ಕ ಕಟ್ ಆದರೆ ಆಗ ನಿಜವಾಗಿಯೂ ಇಸಿಯು ಹೋಗುತ್ತದೆ. ಆ ಕೆಲಸ ಮಾಡುವವರು ಕೇಬಲ್ ಹಾಕಿ, ಬ್ಯಾಟರಿಗೆ ಚಾರ್ಜರ್ ಕೊಟ್ಟು ಮಾಡುತ್ತಾರೆ.

ಕಾರಿನಲ್ಲೇ ಬಿಡಬಹುದಾ ಎಂದು ಕೇಳಿದ್ದೀರಿ. ಬಿಡಬೇಡಿ. ಡಾಂಗಲ್ 50 ಮಿಲಿಆಂಪ್ ಎಳೆಯುತ್ತದೆ ಎಂದುಕೊಳ್ಳಿ. ದಿನಕ್ಕೆ 1.2 ಆಂಪ್ ಅವರ್ ಆಯಿತು. ಹತ್ತು ದಿನ ಊರಿಗೆ ಹೋದರೆ 12. ಚಿಕ್ಕ ಕಾರಿನ 35 ಆಂಪ್ ಅವರ್ ಬ್ಯಾಟರಿಯಲ್ಲಿ ಮೂರನೇ ಒಂದು ಪಾಲು ಅಲ್ಲೇ ಹೋಯಿತು. ಕಾರಿನ ಅಲಾರಂ, ಹೊಸ ಸ್ಟೀರಿಯೊ ಎಳೆಯುವುದು ಬೇರೆ. ವಾಪಸ್ ಬಂದಾಗ ಸೆಲ್ಫ್ ತಗೊಳ್ಳದಿದ್ದರೆ ಆಶ್ಚರ್ಯ ಇಲ್ಲ. ಇನ್ನೊಂದು ಕಾರಣವೂ ಇದೆ. ವೈಫೈ ಡಾಂಗಲ್‌ಗಳಲ್ಲಿ ಹೆಚ್ಚಿನವಕ್ಕೆ ಪಾಸ್‌ವರ್ಡ್ ಇರುವುದಿಲ್ಲ, ಬೇಸ್‌ಮೆಂಟ್‌ನಲ್ಲಿ ಪಕ್ಕದಲ್ಲಿ ನಿಂತವರು ಯಾರು ಬೇಕಾದರೂ ಸೇರಿಕೊಳ್ಳಬಹುದು. 2015ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಪೋರ್ಟ್‌ಗೆ ಹಾಕಿದ, ಸಿಮ್ ಇರುವ ಒಂದು ಡಾಂಗಲ್ ಮೂಲಕ ಎಸ್‌ಎಂಎಸ್ ಕಳಿಸಿಯೇ ಕಾರಿನ ವೈಪರ್ ಓಡಿಸಿ, ನಿಧಾನ ವೇಗದಲ್ಲಿ ಬ್ರೇಕ್ ಮೇಲೂ ಕೈ ಆಡಿಸಿ ತೋರಿಸಿದ್ದರು. ನಿಮ್ಮದರಲ್ಲಿ ಸಿಮ್ ಇಲ್ಲ, ಅಷ್ಟು ಹೆದರುವುದು ಬೇಡ. ಕೆಲಸ ಮುಗಿದ ಮೇಲೆ ಕಿತ್ತು ಗ್ಲೋವ್ ಬಾಕ್ಸ್‌ನಲ್ಲಿಡಿ, ಅಷ್ಟು ಸಾಕು.

ಈ ಗಲಾಟೆಯಲ್ಲಿ ಚೆಕ್ ಎಂಜಿನ್ ಲೈಟ್ ಮರೆತುಹೋಗಬಾರದು. ಅದು ಮಿಣುಕುತ್ತಿದ್ದರೆ ಕಾರು ಓಡಿಸಬೇಡಿ. ಎಂಜಿನ್ ಮಿಸ್ ಆಗಿ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗುತ್ತಿದೆ ಎಂದರ್ಥ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗುತ್ತದೆ. ಮಿಣುಕದೆ ಒಂದೇ ಸಮ ಉರಿಯುತ್ತಿದ್ದು, ಎಂಜಿನ್ ಬಿಸಿ ಸರಿ ಇದ್ದು, ಪಿಕಪ್ ಮಾಮೂಲಿ ಇದ್ದರೆ ಗ್ಯಾರೇಜಿಗೆ ಹೋಗುವಷ್ಟು ದಿನ ಓಡಿಸಬಹುದು. ಕೋಡ್ ಸಿಕ್ಕಿದ ತಕ್ಷಣ ‘ಕ್ಲಿಯರ್’ ಒತ್ತಬೇಡಿ. ಒತ್ತಿದರೆ ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಕೂಡ ಅಳಿಸಿಹೋಗುತ್ತದೆ. ತೊಂದರೆ ಬಂದ ಕ್ಷಣದಲ್ಲಿ ವೇಗ, ಆರ್‌ಪಿಎಂ, ಬಿಸಿ ಎಷ್ಟಿತ್ತು ಎಂಬ ದಾಖಲೆ ಅದು. ಮೆಕ್ಯಾನಿಕ್‌ಗೆ ಕೋಡ್ ನಂಬರಿನಷ್ಟೇ ಅದೂ ಬೇಕು. ಎರಡರ ಸ್ಕ್ರೀನ್‌ಶಾಟ್ ತೆಗೆದು ನನಗೂ ಕಳಿಸಿ. ಜೊತೆಗೆ ಕಾರಿನ ಮಾಡೆಲ್, ಎಷ್ಟು ಕಿಲೋಮೀಟರ್ ಓಡಿದೆ, ಸ್ಟೀರಿಯೊ ಪಟ್ಟಿಯಲ್ಲಿ ಡಾಂಗಲ್ ಹೆಸರು ಇತ್ತಾ ಇಲ್ಲವಾ, ಅದನ್ನೂ ಬರೆಯಿರಿ.